ಮಂಡೆಬಿಸಿ ಇಳಿಯಲಿ ಎಂದು ಕಾಯಬೇಡಿ, ಮೊದಲು ನಿದ್ದೆ ನೋಡಿ

"ಡಾಕ್ಟ್ರೇ, ನನ್ನ ಮಂಡೆಬಿಸಿ ಒಂದು ಕಡಿಮೆ ಮಾಡಿಕೊಡಿ. ನಿದ್ದೆ ಮತ್ತೆ ತನ್ನಷ್ಟಕ್ಕೇ ಬರ್ತದೆ."

ಬದಿಯಡ್ಕದ ಕಡೆಯಿಂದ ಬಂದಿದ್ದ ಅಕ್ಕ ಒಬ್ಬರು ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿದ ಮಾತಿದು. ಮಂಡೆಬಿಸಿ ಎಂದರೆ ನಮ್ಮ ಕಡೆ ಚಿಂತೆ, ಆತಂಕ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಕಾಸರಗೋಡಿನ ನನ್ನ ಕ್ಲಿನಿಕ್ಕಿನಲ್ಲಿ ಇದೇ ಮಾತನ್ನು ತುಂಬಾ ಜನ ಹೇಳುತ್ತಾರೆ. ಅವರು ಹೇಳುವ ಕ್ರಮ ತಿರುವುಮುರುವಾಗಿದೆ ಎಂದು ಅರ್ಥ ಮಾಡಿಸುವುದರಲ್ಲೇ ನನ್ನ ಅರ್ಧ ಕೆಲಸ ಮುಗಿಯುತ್ತದೆ.

ಈ ಅಕ್ಕನ ನಿದ್ದೆ ಕೆಟ್ಟದ್ದು 2020ರ ಮಾರ್ಚ್‌ನಲ್ಲಿ. ಕೊರೋನಾ ಕಾರಣದಿಂದ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು. ಅತ್ತೆಗೆ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ರಾತ್ರಿ ಏನಾದರೂ ಆದರೆ ಎಲ್ಲಿಗೆ ಕರೆದುಕೊಂಡು ಹೋಗುವುದು? ಒಂದು ಕಿವಿಯನ್ನು ಅತ್ತೆಯ ಕೋಣೆಯ ಕಡೆಗೇ ಇಟ್ಟು ಮಲಗುತ್ತಿದ್ದರು. ಅಂಥ ದಿನಗಳಲ್ಲಿ ಯಾರಿಗೂ ನಿದ್ದೆ ಹತ್ತುವುದಿಲ್ಲ, ಅಲ್ವಾ? ಆಮೇಲೆ ಗಡಿ ತೆರೆಯಿತು, ಅತ್ತೆಯೂ ಚೇತರಿಸಿಕೊಂಡರು. ನಿದ್ದೆ ಮಾತ್ರ ಸರಿಯಾಗಲಿಲ್ಲ.

ನಿದ್ದೆ ಕೆಡಲು ಒಂದು ಕಾರಣವಾದರೆ, ಕೆಟ್ಟೇ ಉಳಿಯಲು ಬೇರೆಯೇ ಕಾರಣ. ಕಳೆದುಕೊಂಡ ನಿದ್ದೆಯನ್ನು ತುಂಬಿಸಿಕೊಳ್ಳಬೇಕೆಂದು ಅಕ್ಕ ರಾತ್ರಿ 9ಕ್ಕೇ ಮಲಗತೊಡಗಿದರು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಅಡ್ಡಾಗುವುದೂ ಶುರುವಾಯಿತು. ರಾತ್ರಿ ಎಚ್ಚರವಾದರೆ ಮೊಬೈಲಿನಲ್ಲಿ ಗಂಟೆ ನೋಡಿ, ಬೆಳಗಾಗಲು ಇನ್ನೆಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುವುದು. ದಿನಾ ಹೀಗಾದರೆ ಮೆದುಳು ಒಂದು ಪಾಠ ಕಲಿತುಬಿಡುತ್ತದೆ: ಹಾಸಿಗೆ ಎಂದರೆ ಎಚ್ಚರ ಇದ್ದು ಚಿಂತೆ ಮಾಡುವ ಜಾಗ. ಜಗಲಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರಿಗೆ ಹಾಸಿಗೆಗೆ ಬಂದ ಕೂಡಲೇ ಕಣ್ಣು ಅಗಲವಾಗುವುದು ಇದರಿಂದಲೇ.

ನಿದ್ದೆಗೆಟ್ಟ ಮೆದುಳಿನಲ್ಲಿ ಭಯ ಎಬ್ಬಿಸುವ ಅಮಿಗ್ಡಲಾ ಎಂಬ ಭಾಗ ಜಾಸ್ತಿ ಚುರುಕಾಗುತ್ತದೆ. ಅದನ್ನು ಹದದಲ್ಲಿಡುವ, ಹಣೆಯ ಹಿಂದಿರುವ ಭಾಗದ ಹಿಡಿತ ಸಡಿಲವಾಗುತ್ತದೆ. ದುಬೈಯಲ್ಲಿರುವ ಮಗ ಫೋನ್ ಎತ್ತಲಿಲ್ಲ ಎಂದುಕೊಳ್ಳಿ. ಚೆನ್ನಾಗಿ ನಿದ್ದೆ ಮಾಡಿದ ದಿನ "ಡ್ಯೂಟಿಯಲ್ಲಿರಬೇಕು" ಅನಿಸುತ್ತದೆ. ನಿದ್ದೆ ಇಲ್ಲದ ದಿನ ಆಕ್ಸಿಡೆಂಟೇ ಕಣ್ಣ ಮುಂದೆ ಬರುತ್ತದೆ. ಸುದ್ದಿ ಒಂದೇ, ಅದನ್ನು ತೆಗೆದುಕೊಳ್ಳುವ ತಲೆ ಬೇರೆ.

ನಿದ್ರಾಹೀನತೆ ಬರೀ ಆತಂಕದ ಬಾಲ ಎಂದೇ ವೈದ್ಯರೂ ಬಹಳ ಕಾಲ ನಂಬಿದ್ದರು. 2013ರ ಡಿಎಸ್‌ಎಂ-5 ಎಂಬ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿಯಲ್ಲಿ, ತಾನಾಗಿ ಬಂದ ನಿದ್ರಾಹೀನತೆ, ಬೇರೆ ಕಾಯಿಲೆಯ ಬಾಲವಾಗಿ ಬಂದ ನಿದ್ರಾಹೀನತೆ ಎಂಬ ಭೇದ ಬಿಟ್ಟುಹೋಯಿತು. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟು, ಅದರಿಂದ ಹಗಲಿನ ಬದುಕಿಗೂ ತೊಂದರೆಯಾಗುತ್ತಿದ್ದರೆ, ಜೊತೆಗೆ ಆತಂಕ ಇದ್ದರೂ ಅದು ಚಿಕಿತ್ಸೆ ಬೇಕಾದ ಪ್ರತ್ಯೇಕ ತೊಂದರೆ. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳನ್ನು ಸೇರಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವಿದೆ. ಅಲ್ಲಿ ಒಂದು ಗುಂಪಿಗೆ ಚಿಕಿತ್ಸೆ ಕೊಟ್ಟದ್ದು ನಿದ್ದೆಗೆ ಮಾತ್ರ. ಆದರೆ ಆತಂಕ, ಖಿನ್ನತೆ, ಸಂಶಯದ ಯೋಚನೆಗಳೂ ಇಳಿದವು. ಪವಾಡದಂತಲ್ಲ, ಸ್ವಲ್ಪ ಸ್ವಲ್ಪವೇ. ಆ ಸ್ವಲ್ಪಕ್ಕೆ ನನ್ನ ರೋಗಿಗಳ ಮನೆಯಲ್ಲಿ ತುಂಬಾ ಬೆಲೆ ಇದೆ.

ನಿದ್ದೆಯ ಅಭ್ಯಾಸ, ನಿದ್ದೆಯ ಬಗೆಗಿನ ಯೋಚನೆ ಎರಡನ್ನೂ ತಿದ್ದುವ, ಮಾತ್ರೆ ಇಲ್ಲದ ಈ ಚಿಕಿತ್ಸೆಗೆ ಸಿಬಿಟಿ-ಐ ಎಂದು ಹೆಸರು. ಹೆಚ್ಚಾಗಿ ಆರೆಂಟು ವಾರದ ಕೆಲಸ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ.

ಅಕ್ಕನಿಗೆ ಮೊದಲ ವಾರ ಬರೆಯುವ ಕೆಲಸ ಮಾತ್ರ. ಅಡುಗೆಮನೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ದಿನಾ ಎರಡು ಸಾಲು: ಎಷ್ಟಕ್ಕೆ ಮಲಗಿ ಎಷ್ಟಕ್ಕೆ ಎದ್ದೆ, ಅಂದಾಜು ಎಷ್ಟು ಹೊತ್ತು ನಿದ್ದೆ. ಲೆಕ್ಕ ಹಾಕಿದಾಗ ಹಾಸಿಗೆಯಲ್ಲಿ 9 ಗಂಟೆ, ನಿದ್ದೆ ಐದೂವರೆ.

"ಹಾಗಾದರೆ ಅಕ್ಕ, ಇನ್ನು ರಾತ್ರಿ 12ಕ್ಕೆ ಮಲಗಿ, ಬೆಳಿಗ್ಗೆ ಐದೂವರೆಗೆ ಏಳಿ. ಮಧ್ಯಾಹ್ನ ಅಡ್ಡಾಗುವುದು ಬೇಡ" ಎಂದೆ.

"ನಿದ್ದೆ ಇಲ್ಲ ಎಂದು ಬಂದವಳಿಗೆ ನಿದ್ದೆ ಮಾಡಬೇಡ ಹೇಳ್ತೀರಲ್ಲ!"

ಅವರಿಗೆ ಆಟದ ಉದಾಹರಣೆ ಕೊಟ್ಟೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದವರನ್ನು ಮರುದಿನ ಮಲಗಿ ಎಂದು ಒತ್ತಾಯ ಮಾಡಬೇಕೇ? ಎಚ್ಚರ ಇದ್ದಷ್ಟೂ ನಿದ್ದೆಯ ಹಸಿವು ಏರುತ್ತದೆ. ಬೇಗ ಮಲಗಿ, ಹಗಲು ಮಲಗಿ ಆ ಹಸಿವನ್ನು ನಾವೇ ಕೆಡಿಸಿಕೊಂಡಿರುತ್ತೇವೆ. ಸಂಜೆ 5ರ ಕಾಫಿಯೂ ಕೆಡಿಸುತ್ತದೆ. ಅದರ ಕೆಫೀನಿನ ಸುಮಾರು ಅರ್ಧ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ.

ಇನ್ನೊಂದು ನಿಯಮ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಂದಿಲ್ಲ ಅನಿಸಿದರೆ (ಗಂಟೆ ನೋಡಬೇಡಿ, ಅಂದಾಜು ಸಾಕು) ಎದ್ದು ಹೊರಗೆ ಬನ್ನಿ. ಸಣ್ಣ ಬೆಳಕಿನಲ್ಲಿ ಸಪ್ಪೆ ಕೆಲಸ ಏನಾದರೂ ಮಾಡಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ. ಅಕ್ಕ ಒಣಗಿದ ಅಲಸಂಡೆ ತಂದಿಟ್ಟುಕೊಂಡು ಬೀಜ ಬಿಡಿಸುತ್ತಿದ್ದರು. ಮೊದಲ ಹತ್ತು ದಿನ ಕಷ್ಟವೇ. ಹಗಲು ಮೈ ಭಾರ, ಸಿಟ್ಟು. ಇದನ್ನು ನಾನು ಮುಚ್ಚಿಡುವುದಿಲ್ಲ. ಹೆಚ್ಚಿನವರು ಚಿಕಿತ್ಸೆ ಬಿಡುವುದು ಇದೇ ಹೊತ್ತಿಗೆ. ಮೂರನೇ ವಾರ ಅವರು ಹಾಸಿಗೆಯಲ್ಲಿದ್ದ ಹೊತ್ತಿನ 85 ಶೇಕಡಾಕ್ಕಿಂತ ಜಾಸ್ತಿ ನಿದ್ದೆಯೇ ಆಗಿತ್ತು. ಮತ್ತೆ ವಾರಕ್ಕೆ 15 ನಿಮಿಷದಂತೆ ಸಮಯ ಹೆಚ್ಚಿಸುತ್ತಾ ಬಂದೆವು.

ದಯವಿಟ್ಟು ಇದನ್ನು ಓದಿ ಎಲ್ಲರೂ ಸುಮ್ನೆ ಶುರು ಮಾಡಬೇಡಿ. ಬೈಪೋಲಾರ್ ತೊಂದರೆ, ಅಪಸ್ಮಾರ ಇರುವವರಿಗೆ ನಿದ್ದೆ ಕಡಿತ ಅಪಾಯ. ಬಸ್ಸು, ಆಟೋ ಓಡಿಸುವವರು, ನಸುಕಿಗೇ ಕತ್ತಿ ಹಿಡಿದು ರಬ್ಬರ್ ಟ್ಯಾಪಿಂಗಿಗೆ ಹೋಗುವವರು ವೈದ್ಯರನ್ನು ಕೇಳದೆ ಮಾಡಲೇಬಾರದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರದ್ದು ಬೇರೆಯೇ ರೋಗ, ಪರೀಕ್ಷೆ ಬೇಕು. ಕ್ಲೋನಜೆಪಾಮ್, ಆಲ್ಪ್ರಜೋಲಮ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಅದನ್ನು ವೈದ್ಯರ ಕಣ್ಣೆದುರೇ ಮೆಲ್ಲ ಇಳಿಸಬೇಕು. ಬದುಕೇ ಬೇಡ ಅನಿಸುವ ರಾತ್ರಿಗಳಿದ್ದರೆ ಡೈರಿ ಬರೆಯುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಕ್ಕನಿಗೆ ಚಿಂತೆಗಳು ಈಗಲೂ ಇವೆ. ಆದರೆ ಎದೆ ಢವಢವ ನಿಂತಿದೆ, ಅತ್ತೆಯ ಕೆಮ್ಮು ಕೇಳಿದರೆ ಬೆವರುವುದಿಲ್ಲ. ಕಳೆದ ಮಳೆಗಾಲ ತೋಟಕ್ಕೆ ಕೊಳೆರೋಗ ಬಂದಾಗ ನಾಲ್ಕು ರಾತ್ರಿ ಮತ್ತೆ ನಿದ್ದೆ ಕೆಟ್ಟಿತಂತೆ. ಮಾತ್ರೆ ಕೇಳಲು ಬರಲಿಲ್ಲ. ಮಲಗುವ ಹೊತ್ತನ್ನು ಮತ್ತೆ 12ಕ್ಕೆ ಹಾಕಿಕೊಂಡು ಅಲಸಂಡೆಯ ಗೆರಸೆಯನ್ನು ಜಗಲಿಗೆ ತಂದಿಟ್ಟರಂತೆ.