ಮುಚ್ಚಿದ್ದರೂ ಸವೆಯುವ ಕೀಲು

ಸಕಲೇಶಪುರದಾಚೆ ತೋಟವಿರುವ ಸ್ನೇಹಿತರೊಬ್ಬರ ಮನೆಯಲ್ಲಿ, ಕಾಫಿ ಕಣದ ಪಕ್ಕದ ಷೆಡ್ಡಿನಲ್ಲಿ, 1960ರ ದಶಕದ ಷೆವರ್ಲೆ ಕಾರೊಂದಿದೆ. ಅವರ ಅಜ್ಜ ಕೊಂಡದ್ದು. ಅಜ್ಜ ಅದರಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತಿದ್ದರಂತೆ. ಮೊಮ್ಮಗ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು ಊರೊಳಗೆ ಒಂದು ಸುತ್ತು ಹಾಕಿಸುತ್ತಾರೆ, ನೆಂಟರ ಮದುವೆಗೆ ಕೊಡುತ್ತಾರೆ, ಅಷ್ಟೆ. ಎಂಜಿನ್ನಿನ ಬಗ್ಗೆ ದೂರಿಲ್ಲ. ದೂರೆಲ್ಲ ಬಾನೆಟ್ಟಿನದು. ಮುಚ್ಚಿದರೆ ಮುಂಗಾಜಿನ ಬಳಿಯ ಎಡಮೂಲೆ ಬೆರಳಗಲ ಎದ್ದು ನಿಲ್ಲುತ್ತಿತ್ತು. ತೆರೆದರೆ ಮೂತಿ ಕುಡಿದವರ ಹಾಗೆ ಅತ್ತಿತ್ತ ವಾಲುತ್ತಿತ್ತು.

ಹತ್ತು ವರ್ಷಗಳಲ್ಲಿ ಮೂವರು ಟಿಂಕರಿಂಗ್ ಮಾಡುವವರು ಆ ಮೂಲೆಯನ್ನು ಬಡಿದು ಕೂರಿಸಿದ್ದರು. ಮೂರು ಸಲವೂ ಅದು ಮತ್ತೆ ಎದ್ದಿತ್ತು. ನಾನು ಹಾಸನದಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು, ಕಾರಿನ ಮೆಕ್ಯಾನಿಕ್ ಅಲ್ಲ. ಆದರೂ ಬಡಿಸಿಕೊಳ್ಳುತ್ತಿರುವುದು ನಿರಪರಾಧಿ ತಗಡು ಎಂಬ ಗುಮಾನಿ ನನಗಿತ್ತು. ತಪ್ಪು ಅದರ ಹಿಂದೆ, ಕತ್ತಲಲ್ಲಿ ಕುಳಿತ ಎರಡು ಹಿಂಜುಗಳದು.

ಹಿಂಜ್ ಎಂದಾಗ ಬಾಗಿಲಿನ ಹಿತ್ತಾಳೆ ಹಿಂಜನ್ನು ನೆನೆಯಬೇಡಿ. ಬಾಗಿಲಿಗೆ ಒಂದೇ ಅಕ್ಷ ಸಾಕು. ನಮ್ಮ ಹಳೆಯ ಗುಡಿಗಳ ಹೊಸ್ತಿಲಲ್ಲಿ ಕಾಣುವ ಗುಂಡನೆಯ ಕುಳಿಯನ್ನು ನೋಡಿ: ಮರದ ಬಾಗಿಲಿನ ಮೂಲೆಯ ಗೂಟ ಆ ಕುಳಿಯಲ್ಲಿ ಕುಳಿತು ತಿರುಗುತ್ತಿತ್ತು. ಬೇಲೂರಿನ ನರಸಿಂಹ ಕಂಬವೂ ಒಂದು ಕಾಲಕ್ಕೆ ನಿಂತಲ್ಲೇ ತಿರುಗುತ್ತಿತ್ತು ಎಂದು ಹೇಳುತ್ತಾರೆ. ಕಾರಿನ ಬಾನೆಟ್ಟಿಗೆ ಈ ಸರಳ ತಿರುಗಾಟ ಸಾಲದು. ಒಂದೇ ಅಕ್ಷದ ಮೇಲೆ ತಿರುಗಿದರೆ ಅದರ ಹಿಂದಿನ ಅಂಚು ಮುಂಗಾಜಿನ ಕೆಳಗಿನ ತಗಡಿಗೆ ತಾಗಿ ಬಣ್ಣ ಕೀಳುತ್ತದೆ. ಆದ್ದರಿಂದ ಏಳುವಾಗಲೇ ಅದು ತುಸು ಮುಂದಕ್ಕೂ ಜಾರಬೇಕು. ಇದಕ್ಕಾಗಿ ಪ್ರತಿ ಪಕ್ಕದಲ್ಲೂ ನಾಲ್ಕು ಕೀಲುಗಳಿಂದ ಜೋಡಿಸಿದ ನಾಲ್ಕು ಪಟ್ಟಿಗಳ ಒಂದು ಚೌಕಟ್ಟು ಇರುತ್ತದೆ. ಒಂದು ಪಟ್ಟಿ ಕಾರಿನ ಮೈಗೆ, ಒಂದು ಬಾನೆಟ್ಟಿಗೆ, ನಡುವೆ ಎರಡು ತೋಳು. ತೋಳುಗಳ ಉದ್ದ ಬೇರೆಬೇರೆಯಾದ್ದರಿಂದ ಬಾನೆಟ್ ಏಳುತ್ತಲೇ ಜಾರುತ್ತದೆ.

ಇಷ್ಟಲ್ಲದೆ ಒಂದೊಂದು ಹಿಂಜಿಗೂ ಒಂದು ದಪ್ಪ ಸ್ಪ್ರಿಂಗ್. ಆ ಕಾಲದ ಅಮೆರಿಕದ ಕಾರುಗಳ ಬಾನೆಟ್ ಹಾಸಿಗೆಯಷ್ಟು ಅಗಲ. ಅದರ ಭಾರ 28 ಕಿಲೋ, ಭಾರದ ಕೇಂದ್ರ ಹಿಂಜಿನಿಂದ 65 ಸೆಂಟಿಮೀಟರ್ ಮುಂದೆ ಎಂದಿಟ್ಟುಕೊಳ್ಳೋಣ. ಸ್ಪ್ರಿಂಗ್ ಎಳೆಯುವುದು ಹಿಂಜಿನ ಹತ್ತಿರದಲ್ಲೇ, ಸುಮಾರು 6 ಸೆಂಟಿಮೀಟರ್ ಅಂತರದಲ್ಲಿ. ಮೀಟುಗೋಲಿನ ಲೆಕ್ಕ ಹಾಕಿ ಎರಡು ಸ್ಪ್ರಿಂಗುಗಳಿಗೆ ಹಂಚಿದರೆ ತಲಾ ಸುಮಾರು 150 ಕಿಲೋ ಎಳೆತ ಬರುತ್ತದೆ. ತೋಟದವರ ಲೆಕ್ಕದಲ್ಲಿ ಐವತ್ತು ಕಿಲೋದ ಮೂರು ಮೂಟೆ ಕಾಫಿ, ಒಂದೊಂದು ಪಕ್ಕಕ್ಕೆ. ಒಂದೇ ಕೈಯಲ್ಲಿ ಬಾನೆಟ್ ಎತ್ತಲು ಆಗುವುದು ಈ ಮೂಟೆಗಳ ದಯೆಯಿಂದ. ಬಾನೆಟ್ ಮುಚ್ಚಿದಾಗ ಸ್ಪ್ರಿಂಗ್ ಹೆಚ್ಚು ಹಿಗ್ಗಿರುತ್ತದೆ, ತೆರೆದಾಗ ಕುಗ್ಗುತ್ತದೆ. ಅಂದರೆ ಕೀಲಿನ ಪಿನ್ನುಗಳ ಮೇಲೆ ಭಾರ ಹೆಚ್ಚಿರುವುದು ಕಾರು ಸುಮ್ಮನೆ ಬಾನೆಟ್ ಮುಚ್ಚಿಕೊಂಡು ನಿಂತಿರುವಾಗ.

ಈಗ ಸವೆತಕ್ಕೆ ಬರೋಣ. ಎಡ ಹಿಂಜನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಸ್ನೇಹಿತರು ಕೇಳಿದರು: "ಮೇಷ್ಟ್ರೇ, ಬಾನೆಟ್ಟನ್ನು ನಾವು ತೆರೆಯುವುದೇ ಅಪರೂಪ. ಇದು ಸವೆದದ್ದು ಯಾವಾಗ?"

ನ್ಯಾಯವಾದ ಪ್ರಶ್ನೆ. ಪಿನ್ನಿನ ವ್ಯಾಸ 8 ಮಿಲಿಮೀಟರ್. ಒಮ್ಮೆ ತೆರೆದು ಮುಚ್ಚಿದರೆ ಅದು 60 ಡಿಗ್ರಿ ಹೋಗಿ 60 ಡಿಗ್ರಿ ಬರುತ್ತದೆ ಎಂದುಕೊಂಡರೆ, ಪಿನ್ನಿನ ಮೈಮೇಲೆ ತೂತು ಜಾರಿದ ದೂರ ಸುಮಾರು 8.4 ಮಿಲಿಮೀಟರ್. ವಾರಕ್ಕೆ ಎರಡು ಸಲದಂತೆ ಐವತ್ತು ವರ್ಷ ತೆರೆದಿದ್ದರೆ 5,200 ಸಲ, ಒಟ್ಟು ದೂರ 44 ಮೀಟರ್. ಅವರ ಮನೆಯ ಜಗಲಿಯಿಂದ ಗೇಟಿಗೆ ನಡೆದಷ್ಟು. ಅಷ್ಟು ಜಾರಿದ್ದಕ್ಕೆ ಗಟ್ಟಿ ಉಕ್ಕು ಒಂದು ಮಿಲಿಮೀಟರ್ ಸವೆಯುತ್ತದೆ ಎಂದರೆ ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಕಾರು ತನ್ನ ಜೀವಮಾನದಲ್ಲಿ ಒಂದು ಲಕ್ಷ ಕಿಲೋಮೀಟರ್ ಓಡಿದೆ, ಘಾಟಿ ರಸ್ತೆಯ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್. ಹಾಗಾದರೆ 2,500 ಗಂಟೆ, ಅಂದರೆ 90 ಲಕ್ಷ ಸೆಕೆಂಡು. ಸೆಕೆಂಡಿಗೆ ಹತ್ತು ಸಲ ಅದುರಿದರೆ ಒಂಬತ್ತು ಕೋಟಿ ಅದುರು. ಪ್ರತಿ ಅದುರಿಗೂ ಪಿನ್ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ ಅತ್ತ, ಅಷ್ಟೇ ಇತ್ತ ಉಜ್ಜಿಕೊಂಡಿತು ಎನ್ನಿ. ಒಟ್ಟು ದೂರ 3.6 ಕಿಲೋಮೀಟರ್! ತೆರೆದು ಮುಚ್ಚಿದ್ದಕ್ಕಿಂತ ಎಂಬತ್ತು ಪಟ್ಟಿಗೂ ಹೆಚ್ಚು. ಊಹೆಯ ಅಂಕಿಗಳನ್ನು ನೀವು ಅರ್ಧಕ್ಕೆ ಇಳಿಸಿದರೂ ತಕ್ಕಡಿ ವಾಲುವ ಕಡೆ ಬದಲಾಗುವುದಿಲ್ಲ. ಜಾರಿದ ದೂರ ಮತ್ತು ಮೇಲಿನ ಭಾರ ಹೆಚ್ಚಿದಷ್ಟೂ ಸವೆತ ಹೆಚ್ಚುತ್ತದೆ, ಲೋಹ ಗಟ್ಟಿಯಾದಷ್ಟೂ ಕಡಿಮೆಯಾಗುತ್ತದೆ ಎಂಬ ಸರಳ ಸೂತ್ರವನ್ನು ಆರ್ಚರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ 1953ರಲ್ಲಿ ಕೊಟ್ಟ. ಮುಚ್ಚಿದ ಬಾನೆಟ್ಟಿನಲ್ಲಿ ಭಾರವೂ ಹೆಚ್ಚು, ದೂರವೂ ಹೆಚ್ಚು.

ಹೀಗೆ ಕಣ್ಣಿಗೆ ಕಾಣದಷ್ಟು ಅಲುಗಿ ಸವೆಯುವುದಕ್ಕೆ ಎಂಜಿನಿಯರುಗಳು ಫ್ರೆಟಿಂಗ್ ಎನ್ನುತ್ತಾರೆ. ಇದರ ಸ್ವಭಾವ ಮಾಮೂಲಿ ಸವೆತಕ್ಕಿಂತ ಕುಟಿಲ. ದೊಡ್ಡದಾಗಿ ತಿರುಗುವ ಕೀಲಿನಲ್ಲಿ ಎಣ್ಣೆ ಮತ್ತೆ ಮತ್ತೆ ಒಳಗೆ ಹರಿದು ಬರುತ್ತದೆ, ಪುಡಿ ಹೊರಗೆ ಹೋಗುತ್ತದೆ. ಕೂದಲೆಳೆಯಷ್ಟೂ ಅಲುಗದ ಕೀಲಿನಲ್ಲಿ ಎಣ್ಣೆ ಹಿಂಡಿಹೋದರೆ ಮರಳಿ ಬರುವುದಿಲ್ಲ, ಉದುರಿದ ಪುಡಿಗೆ ಹೊರದಾರಿ ಇಲ್ಲ. ಉಕ್ಕಿನ ಸಣ್ಣ ಕಣ ಗಾಳಿ ತಾಗಿ ಕೆಂಪು ಕಬ್ಬಿಣದ ಆಕ್ಸೈಡ್ ಆಗುತ್ತದೆ. ಈ ಕೆಂಪು ಪುಡಿ ಮೆದು ಉಕ್ಕಿಗಿಂತ ಗಟ್ಟಿ, ಆದ್ದರಿಂದ ತಾನು ಹುಟ್ಟಿದ ಲೋಹವನ್ನೇ ಸಾಣೆ ಹಿಡಿಯುತ್ತದೆ. ಅಮೆರಿಕದಲ್ಲಿ ಕಾರ್ಖಾನೆಯಿಂದ ರೈಲಿನಲ್ಲಿ ದೂರದೂರಿಗೆ ಕಳಿಸಿದ ಹೊಸ ಕಾರುಗಳ ಚಕ್ರದ ಬೇರಿಂಗುಗಳಲ್ಲಿ, ಅವು ರಸ್ತೆಗೆ ಇಳಿಯುವ ಮೊದಲೇ, ಸಾಲು ಕುಳಿಗಳು ಬಿದ್ದಿರುತ್ತಿದ್ದವು. ಚಕ್ರ ತಿರುಗಿರಲಿಲ್ಲ, ರೈಲು ಅದುರಿತ್ತು, ಅಷ್ಟೆ.

ಕೀಲು ಕೈಕೊಟ್ಟರೆ ಏನಾಗುತ್ತದೆ ಎಂದು ಹಾಸನದವರಿಗೆ ಹೇಳಿಕೊಡಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. 1983ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಬಿಟ್ಟುಬಂದ ಇನ್ಸಾಟ್-1ಬಿ ಉಪಗ್ರಹದ ಸೌರಫಲಕ ಬಿಚ್ಚಿಕೊಳ್ಳಲು ಹಟ ಹಿಡಿಯಿತು, ಸೆಪ್ಟೆಂಬರ್ ಮಧ್ಯದವರೆಗೂ ಬಿಡಲಿಲ್ಲ. ಅದು ಬಿಚ್ಚಿದ್ದರಿಂದ ನಮ್ಮ ಊರುಗಳಿಗೆ ದೂರದರ್ಶನ ಬಂದಿತು. ಗುರುಗ್ರಹಕ್ಕೆ ಹೋದ ಗೆಲಿಲಿಯೊ ನೌಕೆ ಇಷ್ಟು ಅದೃಷ್ಟ ಮಾಡಿರಲಿಲ್ಲ. 1991ರ ಏಪ್ರಿಲ್‌ನಲ್ಲಿ ಅದರ ಕೊಡೆಯಾಕಾರದ ದೊಡ್ಡ ಆಂಟೆನಾವನ್ನು ಬಿಚ್ಚಲು ಆಜ್ಞೆ ಕೊಟ್ಟಾಗ ಹದಿನೆಂಟು ಕಡ್ಡಿಗಳಲ್ಲಿ ಕೆಲವು ಅಂಟಿಕೊಂಡೇ ಉಳಿದವು. ತನಿಖೆ ಮಾಡಿದವರ ಬೆರಳು ಹೋದದ್ದು ಲಾರಿ ಪ್ರಯಾಣದ ಕಡೆಗೆ. ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾ ನಡುವೆ ಮಡಿಚಿಟ್ಟ ಆಂಟೆನಾ ರಸ್ತೆಯಲ್ಲಿ ಓಡಾಡಿದಾಗ ಪಿನ್ನುಗಳಿಗೆ ಬಳಿದ ಒಣ ಲೇಪ ಅದುರಿ ಅದುರಿ ಸವೆದಿತ್ತು. ತೆರೆಯದೆ ಸವೆದ ಕೀಲು! ಷೆವರ್ಲೆಯದೂ ಅದೇ ಕಥೆ, ಖರ್ಚು ಮಾತ್ರ ಕಡಿಮೆ.

ಮಲೆನಾಡು ಇದರ ಮೇಲೆ ತನ್ನದನ್ನೂ ಸೇರಿಸುತ್ತದೆ. ಹಾಸನದಿಂದ ಸಕಲೇಶಪುರ ನಲವತ್ತು ಕಿಲೋಮೀಟರ್, ಆದರೆ ಮಳೆ ಬೇರೆ ದೇಶದ್ದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಬಿಗಿಯಾದ ತೂತಿನಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಕೀಲು ಕಚ್ಚಿಕೊಳ್ಳುತ್ತದೆ. ಹೀಗೆ ಒಂದೇ ಹಿಂಜಿನಲ್ಲಿ ಎರಡು ಕೀಲು ಸಡಿಲ, ಮೂರನೆಯದು ಬಿಗಿ. ಬಿಗಿದ ಕೀಲಿನ ಮೇಲೆ ಬಾನೆಟ್ಟಿನ ಮೂತಿಯನ್ನು ಕೆಳಗೆ ಒತ್ತಿದಾಗ ಹಿಂಜ್ ಮಡಿಸಿಕೊಳ್ಳುವ ಬದಲು ತಗಡೇ ಮಡಿಸಿಕೊಳ್ಳುತ್ತದೆ, ಮೂಲೆ ಉಬ್ಬುತ್ತದೆ. ಮೂವರು ಟಿಂಕರಿಂಗ್‌ನವರು ಬಡಿದದ್ದು ಈ ಉಬ್ಬನ್ನು. ಪ್ರತಿ ಸಲವೂ ಮುಚ್ಚುವ ಕೈ ಅದನ್ನು ಮತ್ತೆ ಎಬ್ಬಿಸಿತು. ಸಡಿಲಾದ ಕೀಲಿನ ಲೆಕ್ಕ ಬೇರೆ: 6 ಸೆಂಟಿಮೀಟರ್ ಅಂತರದ ಎರಡು ಕೀಲುಗಳ ನಡುವೆ ಅರ್ಧ ಮಿಲಿಮೀಟರ್ ಸಡಿಲವಿದ್ದರೆ, ಮುಂದೆ 120 ಸೆಂಟಿಮೀಟರ್ ದೂರದ ಮೂತಿಯಲ್ಲಿ ಅದು ಇಪ್ಪತ್ತು ಪಟ್ಟಾಗಿ ಒಂದು ಸೆಂಟಿಮೀಟರ್ ಆಗುತ್ತದೆ. ಬೀಸುಕಲ್ಲಿನ ಗೂಟ ಸ್ವಲ್ಪ ಸವೆದರೂ ಮೇಲುಕಲ್ಲಿನ ಅಂಚು ಹೇಗೆ ಓಲಾಡುತ್ತದೆಂದು ಬೀಸಿದವರಿಗೆ ಗೊತ್ತು.

ಸ್ಪ್ರಿಂಗ್ ಬಿಚ್ಚುವ ಕೆಲಸಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಮೂರು ಮೂಟೆಯ ಎಳೆತ ಕೈಜಾರಿದರೆ ಬೆರಳು ಹೋಗುತ್ತದೆ, ಕಣ್ಣೂ ಹೋಗಬಹುದು. ಅನುಭವಸ್ಥರ ಉಪಾಯ ಸೊಗಸಾಗಿದೆ. ಬಾನೆಟ್ಟನ್ನು ತುಸು ಇಳಿಸಿದಾಗ ಸ್ಪ್ರಿಂಗ್ ಹಿಗ್ಗಿ ಸುರುಳಿಗಳ ನಡುವೆ ಸಂದು ಬೀಳುತ್ತದೆ. ಆ ಸಂದುಗಳಿಗೆ ಒಂದೊಂದಾಗಿ ವಾಷರ್ ತೂರಿಸಬೇಕು. ಬಾನೆಟ್ ಮೇಲೆತ್ತಿದಾಗ ಸ್ಪ್ರಿಂಗ್ ಕುಗ್ಗಲು ಹೊರಡುತ್ತದೆ, ವಾಷರುಗಳು ಬಿಡುವುದಿಲ್ಲ. ಹಿಗ್ಗಿದಂತೆಯೇ ಸಿಕ್ಕಿಬಿದ್ದ ಸ್ಪ್ರಿಂಗ್ ಕೊಕ್ಕೆಯಿಂದ ಸಲೀಸಾಗಿ ಕಳಚುತ್ತದೆ. ಶಕ್ತಿ ಎಲ್ಲೂ ಹೋಗಿಲ್ಲ, ಒಳಗೇ ಕುಳಿತಿದೆ. ಆದ್ದರಿಂದ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮೂಲೆಯಲ್ಲಿಟ್ಟೆವು.

ಹಿಂಜುಗಳು ಹಾಸನದ ಒಂದು ಲೇತ್ ಅಂಗಡಿಗೆ ಬಂದವು. ಹೊಸ ಹಿಂಜ್ ತರಿಸಬಹುದಿತ್ತು, ಹೊರದೇಶದಲ್ಲಿ ಈ ಕಾರುಗಳಿಗೆ ಈಗಲೂ ಮಾಡುತ್ತಾರೆ. ಆದರೆ ಹಳೆಯ ಪಟ್ಟಿಗಳ ಉಕ್ಕು ಚೆನ್ನಾಗಿತ್ತು, ಕೆಟ್ಟದ್ದು ತೂತು ಮಾತ್ರ. ರಿವೆಟ್ ತಲೆಗಳನ್ನು ಉಜ್ಜಿ ತೆಗೆದು ಪಿನ್ ಹೊಡೆದಾಗ ಕಂಡದ್ದು ಮೊಟ್ಟೆಯಾಕಾರದ ತೂತು: ಒಂದು ದಿಕ್ಕಿನಲ್ಲಿ 8 ಮಿಲಿಮೀಟರ್, ಇನ್ನೊಂದರಲ್ಲಿ 9.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ಇಡೀ ಕೆಲಸದಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಮೊಟ್ಟೆಯ ನಡುವನ್ನೇ ಕೇಂದ್ರವೆಂದು ಹಿಡಿದು ದೊಡ್ಡ ತೂತು ಕೊರೆದರೆ ಕೇಂದ್ರವೇ ಅರ್ಧ ಮಿಲಿಮೀಟರ್ ಸರಿದುಹೋಗುತ್ತದೆ. ತೋಳಿನ ಉದ್ದ ಬದಲಾಗುತ್ತದೆ, ಎಡ ಬಲ ಹೊಂದುವುದಿಲ್ಲ, ಅಷ್ಟು ಖರ್ಚು ಮಾಡಿ ಬಾನೆಟ್ ಮತ್ತೆ ವಕ್ರ. ನಿಜವಾದ ಕೇಂದ್ರ ಎಲ್ಲಿದೆ? ಸ್ಪ್ರಿಂಗ್ ಎಳೆಯುವುದು ಒಂದೇ ದಿಕ್ಕಿಗಾದ್ದರಿಂದ ತೂತು ಸವೆದದ್ದೂ ಒಂದೇ ಕಡೆ. ಎದುರು ಬದಿಯ ಅರ್ಧವೃತ್ತ ಕಾರ್ಖಾನೆಯಿಂದ ಬಂದಂತೆಯೇ ಇತ್ತು. ಆ ಅರ್ಧವೃತ್ತಕ್ಕೆ ಹೊಸ ಪಿನ್ ಒತ್ತಿ ಹಿಡಿದರೆ ಪಿನ್ನಿನ ನಡುವೇ ಹಳೆಯ ಕೇಂದ್ರ. ನಾನು ಕಾಗದದಲ್ಲಿ ಚಿತ್ರ ಬರೆದು ಇದನ್ನು ವಿವರಿಸಲು ಹೊರಟಾಗ ಲೇತಿನ ಮಿಸ್ತ್ರಿ ಆಗಲೇ ಪಿನ್ ಒತ್ತಿ ಗುರುತು ಹಾಕಿ ಮುಗಿಸಿದ್ದರು. "ಸಾರ್, ಕಬ್ಬಿನ ಗಾಣದ ಬೇರಿಂಗಿಗೂ ಹೀಗೇ ಮಾಡುವುದು" ಎಂದರು.

ತೂತನ್ನು 11 ಮಿಲಿಮೀಟರಿಗೆ ಅಗಲಿಸಿ ಗನ್ ಮೆಟಲ್ ಬುಷ್, ಅಂದರೆ ತೂತಿನೊಳಗೆ ಕೂರುವ ಪುಟ್ಟ ಕೊಳವೆ, ಒತ್ತಿ ಕೂರಿಸಿ, ಒಳಗನ್ನು ರೀಮರ್ ಎಂಬ ತೂತು ನಯಗೊಳಿಸುವ ಸಲಕರಣೆಯಿಂದ ಪಿನ್ನಿಗೆ ಹೊಂದಿಸಿದರು. ಗನ್ ಮೆಟಲ್ ಎಂದರೆ ತಾಮ್ರದಲ್ಲಿ ತವರ, ತುಸು ಸತುವು ಬೆರೆಸಿದ ಕಂಚು. ಗಟ್ಟಿ ಉಕ್ಕಿನ ಎದುರು ಮೆದು ಕಂಚು ಏಕೆ? ಒಂದೇ ಜಾತಿಯ ಲೋಹಗಳನ್ನು ಒತ್ತಿ ಉಜ್ಜಿದರೆ ಅವುಗಳ ತುದಿಗಳು ಬೆಸೆದುಕೊಂಡು ಕಿತ್ತು ಬರುತ್ತವೆ. ಕಂಚು ಮತ್ತು ಉಕ್ಕಿಗೆ ಆ ನಂಟು ಕಡಿಮೆ. ಒಳಗೆ ಹೊಕ್ಕ ಮರಳಿನ ಕಣ ಮೆದು ಕಂಚಿನಲ್ಲಿ ಹೂತುಹೋಗಿ ಪಿನ್ನಿಗೆ ಕಾಟ ಕೊಡುವುದು ಕಡಿಮೆಯಾಗುತ್ತದೆ. ಸವೆಯಬೇಕಾದಾಗ ಬುಷ್ ಸವೆಯುತ್ತದೆ, ಪಟ್ಟಿ ಉಳಿಯುತ್ತದೆ. ಕಾರ್ಖಾನೆಯವರು ಇದನ್ನು ಮಾಡಲಿಲ್ಲವೇಕೆ ಎಂದು ಸ್ನೇಹಿತರು ರೇಗಿದರು. ಕಾರು ಅರವತ್ತು ವರ್ಷ ಬಾಳಲಿ ಎಂದು ಯಾರೂ ಕಾರು ಮಾಡುವುದಿಲ್ಲ ಎಂದೆ. ಪಿನ್ನುಗಳನ್ನು ಇಎನ್-8 ಎಂಬ ದರ್ಜೆಯ ಉಕ್ಕಿನಲ್ಲಿ ಕಡೆದು, ಮುಂದೆ ಬಿಚ್ಚಲು ಬರಲೆಂದು ರಿವೆಟ್ಟಿನ ಬದಲು ನಟ್ ಹಾಕಿಸಿದೆವು.

ಎಂಟು ಕೀಲುಗಳಲ್ಲಿ ಏಳಕ್ಕೆ ಬುಷ್ ಬಿದ್ದಿತು. ಬಲಗಡೆಯ ಒಂದು ಬೆರಳಿಗೆ ಬಿಗಿಯಾಗಿ ಸಿಕ್ಕಿತು, ಅಲುಗಾಟವಿರಲಿಲ್ಲ. ಅದನ್ನು ಮುಟ್ಟುವುದು ಬೇಡ ಎಂದವನು ನಾನೇ. ಎಣ್ಣೆಯ ವಿಷಯದಲ್ಲಿ ಜಗಳವಾಯಿತು. ಸ್ನೇಹಿತರಿಗೆ ದಪ್ಪ ಗ್ರೀಸ್ ಬೇಕಿತ್ತು. ಆದರೆ ತೋಟದ ರಸ್ತೆಯಲ್ಲಿ ಫೆಬ್ರವರಿಯ ಕೆಂಪು ಧೂಳು ಗ್ರೀಸಿಗೆ ಅಂಟಿದರೆ ಅದು ಸಾಣೆಯ ಮುಲಾಮು. ತೆಳು ಎಣ್ಣೆ ಎರಡೇ ಹನಿ, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಬಾನೆಟ್ಟನ್ನು ಹತ್ತು ಸಲ ತೆರೆದು ಮುಚ್ಚಿ ಒಳಗಿಳಿಸುವುದು ಎಂದು ರಾಜಿಯಾಯಿತು. ಕಾರು ನಿಂತೇ ಇದ್ದರೂ ತಿಂಗಳಿಗೊಮ್ಮೆ ತೆರೆಯಲು ಹೇಳಿದೆ.

ಬಾನೆಟ್ ಏರಿಸಿದ ದಿನ ಎರಡೂ ಪಕ್ಕದ ಸಂದು ಸಮನಾಗಿ ಬಂದಿತು. ಮೂಲೆಯ ಉಬ್ಬನ್ನು ನಾಲ್ಕನೆಯ ಮತ್ತು ಕೊನೆಯ ಸಲ ಬಡಿದು ಕೂರಿಸಿದರು. ಆಯುಧಪೂಜೆಯ ಹೊತ್ತಿಗೆ ಹೋದಾಗ ಬಿಳಿ ಬಟ್ಟೆಯೊಂದನ್ನು ತೆಗೆದುಕೊಂಡು ಒಂದೊಂದೇ ಪಿನ್ನಿನ ಸುತ್ತ ಒರೆಸಿದೆ. ಏಳು ಕಡೆ ಬಟ್ಟೆಗೆ ಎಣ್ಣೆಯ ಕಲೆ ಅಂಟಿತು. ಬಲಗಡೆಯ ಆ ಒಂದು ಕೀಲಿನಲ್ಲಿ, ಕುಂಕುಮದಷ್ಟು ನಯವಾದ ಕೆಂಪು ಪುಡಿ. ಸ್ನೇಹಿತರು ಏನೂ ಹೇಳಲಿಲ್ಲ, ಗೋಣಿಚೀಲ ಮತ್ತು ವಾಷರಿನ ಡಬ್ಬಿ ತರಲು ಒಳಗೆ ಹೋದರು.