ಹಳೆಯ ರಂಗಮಂದಿರದ ಸರ್ವೆ: ಕುರ್ಚಿ ಬದಲಿಸುವ ಮುಂಚೆ ನೋಡಬೇಕಾದದ್ದು

ಹಳೆಯ ರಂಗಮಂದಿರದ ನವೀಕರಣ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಹರಿದ ಕುರ್ಚಿಗಳ ಮೇಲೆ. ಸರ್ವೆಗೆ ಹೋದವರು ಮೊದಲು ಹತ್ತಬೇಕಾದದ್ದು ಛಾವಣಿ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಒಳಗೆ ಏನು ಮಾಡಿದರೂ ದಂಡ. ಕಲೆ ಕಂಡ ಜಾಗದ ಮೇಲೆಯೇ ತೂತು ಇರುತ್ತದೆ ಅಂತಲೂ ನಂಬಬೇಡಿ. ನೀರು ತೊಲೆಗುಂಟ ಹರಿದು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ.

ಮುಂದಿನದು ಕಾಂಕ್ರೀಟ್. ಹೊಸದಿದ್ದಾಗ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 12ಕ್ಕಿಂತ ಜಾಸ್ತಿ, ಅಂದರೆ ತೀರಾ ಕ್ಷಾರ. ಒಳಗಿನ ಸರಳಿಗೆ ತುಕ್ಕು ಹಿಡಿಯದಂತೆ ಕಾಯುವುದು ಈ ಕ್ಷಾರವೇ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಪಿಎಚ್ ಸುಮಾರು 9ಕ್ಕೆ ಬಿದ್ದರೆ ಆ ಕಾವಲು ಹೋಯಿತು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಮೇಲಿನ ಪದರ ಬಿರಿದು ಚಕ್ಕೆ ಏಳುತ್ತದೆ. ಪರೀಕ್ಷೆ ಸುಲಭ: ಆಗಷ್ಟೇ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಅನ್ನುವ, ಕ್ಷಾರ ತಗುಲಿದರೆ ಬಣ್ಣ ಬರುವ ದ್ರಾವಣ ಸಿಂಪಡಿಸಿ. ಗುಲಾಬಿ ಆದರೆ ಕ್ಷಾರ ಉಳಿದಿದೆ. ಬಣ್ಣ ಬರದ ಪದರ ಎಷ್ಟು ಆಳ ಅಂತ ಅಳೆಯಿರಿ. ಅದು ಸರಳನ್ನು ಮುಟ್ಟಿದ್ದರೆ ಸುಮ್ನೆ ಪ್ಲಾಸ್ಟರ್ ಮೆತ್ತಿ ಪ್ರಯೋಜನವಿಲ್ಲ.

ಇಷ್ಟು ಯಾವ ಹಳೆಯ ಕಟ್ಟಡಕ್ಕೂ ಬೇಕು. ರಂಗಮಂದಿರದಲ್ಲಿ ಇನ್ನೊಂದಿದೆ: ಇಲ್ಲಿ ಪ್ರತಿ ರಿಪೇರಿಯೂ ಶಬ್ದವನ್ನು ಮುಟ್ಟುತ್ತದೆ. ಸದ್ದು ನಿಂತ ಮೇಲೂ ಅದರ ಮೊಳಗು ಸಭಾಂಗಣದಲ್ಲಿ ಉಳಿಯುವುದೇ ಅನುರಣನ. ಅದು ಎಷ್ಟು ಹೊತ್ತು ಅಂತ ಲೆಕ್ಕ ಹಾಕಲು ಸೇಬಿನ್ ಸೂತ್ರ ಇದೆ. ಅನುರಣನದ ಕಾಲ = 0.161 × ಘನ ಅಳತೆ ÷ ಒಟ್ಟು ಹೀರುವಿಕೆ (ಗೋಡೆ, ಕುರ್ಚಿ, ಜನ ಎಲ್ಲ ಸೇರಿ ಶಬ್ದ ಹೀರುವ ಪ್ರಮಾಣ). ಸಭಾಂಗಣ 10,000 ಘನ ಮೀಟರ್, ಹೀರುವಿಕೆ 900 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಉತ್ತರ ಸುಮಾರು 1.8 ಸೆಕೆಂಡ್, ವಾದ್ಯವೃಂದಕ್ಕೆ ಒಪ್ಪುವಂಥದ್ದು. ದಪ್ಪ ಕಾರ್ಪೆಟ್, ಮೆತ್ತನೆ ಕುರ್ಚಿ ಬಂದು ಹೀರುವಿಕೆ 1,150ಕ್ಕೆ ಏರಿದರೆ 1.4ಕ್ಕೆ ಇಳಿಯುತ್ತದೆ. ಮಾತಿನ ನಾಟಕಕ್ಕೆ ಒಳ್ಳೆಯದೇ, ಸಂಗೀತ ಮಾತ್ರ ಒಣಗುತ್ತದೆ. ಲಂಡನ್‌ನ ರಾಯಲ್ ಫೆಸ್ಟಿವಲ್ ಹಾಲ್‌ಗೆ 1951ರಿಂದಲೂ ಇದೇ ದೂರು. 1960ರ ದಶಕದಲ್ಲಿ ಮೈಕ್, ಸ್ಪೀಕರ್ ಹಾಕಿ ಅನುರಣನ ಹೆಚ್ಚಿಸಿದರು. 2007ರಲ್ಲಿ ಮುಗಿದ ನವೀಕರಣದಲ್ಲಿ ಸಭಾಂಗಣವನ್ನೇ ತಿದ್ದಬೇಕಾಯಿತು. ಆದ್ದರಿಂದ ಹಳೆಯ ಕುರ್ಚಿ ಕೀಳುವ ಮುಂಚೆಯೇ ಅನುರಣನ ಅಳೆದಿಡಿ. ಕಿತ್ತ ಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ.

ಏಸಿಗೂ ಇದೇ ಮಾತು. ಗಾಳಿ ನಿಧಾನ ಹರಿದರೆ ಸದ್ದು ಕಡಿಮೆ, ಅದಕ್ಕೆ ಡಕ್ಟ್ ದೊಡ್ಡದು ಬೇಕು. ಆ ಡಕ್ಟ್‌ಗೆ ಹಳೆಯ ಚಾವಣಿಯೊಳಗೆ ಜಾಗ ಇದೆಯಾ ಅಂತ ಸರ್ವೆಯಲ್ಲೇ ನೋಡಿಕೊಳ್ಳಿ. ಹಾಗಂತ ಇಣುಕಲು ಚಾವಣಿಗೆ ಡ್ರಿಲ್ ಹಾಕಿಬಿಡಬೇಡಿ. ಹಳೆಯ ಹಲಗೆ, ಪೈಪಿನ ಹೊದಿಕೆಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ನಾರಿನ ಧೂಳು ಉಸಿರಲ್ಲಿ ಒಳಹೋದರೆ ಶ್ವಾಸಕೋಶಕ್ಕೆ ಅಪಾಯ. ತರಬೇತಿ ಇದ್ದವರು ಮಾದರಿ ತೆಗೆದು, ಲ್ಯಾಬ್ ವರದಿ ಬಂದ ಮೇಲಷ್ಟೇ ಕೈ ಹಾಕಬೇಕು.