ಎಷ್ಟು ಬಂದರೆ ಸಾಕು? ಬಳ್ಳಾರಿಯಲ್ಲಿ ಈ ಲೆಕ್ಕ ಬದಲಾದ ಬಗೆ

ಬಳ್ಳಾರಿಯಲ್ಲಿ ಹೆಣ್ಣು ಕೊಡುವ ಮಾತುಕತೆಗೆ ಕುಳಿತವರು ಈಗ ಹುಡುಗನ ಸಂಬಳ ಎಷ್ಟೆಂದು ಕೇಳಿ ಸುಮ್ಮನಾಗುವುದಿಲ್ಲ. ಕಾಯಂ ನೌಕರಿಯೋ ಗುತ್ತಿಗೆಯೋ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಕಳೆದ ಬೇಸಿಗೆಯಲ್ಲಿ ನೆಂಟರೊಬ್ಬರ ಮನೆಯ ಪಡಸಾಲೆಯಲ್ಲಿ ಇಂಥ ಮಾತುಕತೆ ನಡೆದಾಗ ನಾನೂ ಇದ್ದೆ. ಹುಡುಗ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ತಿಂಗಳಿಗೆ ಮೂವತ್ತೆರಡು ಸಾವಿರ ಎಂದ. ಹುಡುಗಿಯ ಸೋದರಮಾವ ಒಗ್ಗರಣೆ ಮಿರ್ಚಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ‘ಇಪ್ಪತ್ತೇ ಇರಲಿ, ತಿಂಗಳು ತಿಂಗಳು ಬರುತ್ತದೆಯೇ ಹೇಳಪ್ಪ’ ಎಂದರು.

ನೆಮ್ಮದಿಯ ಬದುಕಿಗೆ ಎಷ್ಟು ಆದಾಯ ಬೇಕು ಎಂದು ಸರ್ಕಾರದ ಕಡತಗಳಲ್ಲಿ ಹುಡುಕಿದರೆ ಒಂದಲ್ಲ, ಹಲವು ಗೆರೆಗಳು ಸಿಗುತ್ತವೆ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು; ಅಂದರೆ ತಿಂಗಳಿಗೆ 10 ಸಾವಿರ. ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೆ 2019ರಲ್ಲಿ ಇಟ್ಟ ಮಿತಿ ವರ್ಷಕ್ಕೆ 8 ಲಕ್ಷ. ತಿಂಗಳಿಗೆ 66 ಸಾವಿರಕ್ಕೂ ಹೆಚ್ಚು. 2025ರ ಕೇಂದ್ರ ಬಜೆಟ್ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಿತು. ತಿಂಗಳಿಗೆ ಹನ್ನೊಂದು ಸಾವಿರ ದುಡಿಯುವ ಹಮಾಲಿ ಒಂದು ಗೆರೆಯ ಪ್ರಕಾರ ಬಡವನಲ್ಲ. ಅರವತ್ತು ಸಾವಿರ ದುಡಿಯುವವನು ಇನ್ನೊಂದರ ಪ್ರಕಾರ ದುರ್ಬಲ. ಪ್ರತಿ ಗೆರೆಗೂ ಅದರದೇ ಉದ್ದೇಶವಿದೆ, ನಿಜ. ಆದರೆ ಆ ಸೋದರಮಾವ ಕೇಳಿದ್ದನ್ನು ಇವುಗಳಲ್ಲಿ ಯಾವುದೂ ಕೇಳುವುದಿಲ್ಲ.

ಲೆಕ್ಕ ಶುರುವಾದದ್ದು ಅನ್ನ, ಬಟ್ಟೆಯಿಂದ. 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಕಾರ್ಮಿಕರಿಗೆ ಬದುಕು ಸಾಗಿಸುವಷ್ಟು ವೇತನ ಸಿಗಬೇಕೆಂಬ ಆಶಯವನ್ನು ಸಂವಿಧಾನದ 43ನೇ ವಿಧಿ ಬರೆದಿಟ್ಟಿತು. ಆ ಆಶಯವನ್ನು ಅಳತೆಗೆ ಇಳಿಸಿದ್ದು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ: ಒಬ್ಬ ದುಡಿಯುವವನ ಕುಟುಂಬಕ್ಕೆ ಮೂರು ಘಟಕ (ಒಂದು ಘಟಕವೆಂದರೆ ಒಬ್ಬ ವಯಸ್ಕನ ಬಳಕೆಯಷ್ಟು), ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ; ಇವಲ್ಲದೆ ಉರುವಲು ಮತ್ತು ದೀಪ ಮುಂತಾದವಕ್ಕೆ ಒಟ್ಟು ವೇತನದ ಶೇ 20. ಮಕ್ಕಳ ಶಿಕ್ಷಣ, ಔಷಧೋಪಚಾರ, ಹಬ್ಬ, ಮದುವೆ, ಮುಪ್ಪು ಇವಕ್ಕಾಗಿ ಇನ್ನೂ ಶೇ 25 ಸೇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಶಾಲೆ, ಆಸ್ಪತ್ರೆಗಳು ಲೆಕ್ಕದೊಳಗೆ ಬರಲು ಮೂವತ್ತನಾಲ್ಕು ವರ್ಷ ಹಿಡಿಯಿತು.

2011ರ ಸೆಪ್ಟೆಂಬರ್‌ನಲ್ಲಿ ಯೋಜನಾ ಆಯೋಗ ಬಡತನಕ್ಕೆ ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಎಂಬ ಗೆರೆಯನ್ನು ಅಫಿಡವಿಟ್‌ನಲ್ಲಿ ಬರೆದುಕೊಟ್ಟಾಗ ದೇಶವೆಲ್ಲ ಅದನ್ನೇ ಮಾತಾಡಿತು. ಬಳ್ಳಾರಿ ಮಾತ್ರ ಆ ಹೊತ್ತಿಗೆ ಬೇರೆಯೇ ಸಂಕಟದಲ್ಲಿತ್ತು. ಗಣಿಗಳು ನಿಂತು ಎರಡು ತಿಂಗಳಾಗಿತ್ತು.

ಈ ಘಟ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. 2003ರ ಸುಮಾರಿಗೆ ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಏರಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲಿನ ವರ್ಷಗಳಲ್ಲಿ ಅಲ್ಲಿ ಎಷ್ಟು ಉಕ್ಕಿದ್ದರೂ ಸಾಲದು ಎಂಬ ಸ್ಥಿತಿ. ಅದುವರೆಗೆ ಗಣಿಯ ಬದಿಯಲ್ಲಿ ಗುಡ್ಡೆ ಹಾಕಿ ಬಿಡುತ್ತಿದ್ದ ಪುಡಿ ಅದಿರಿಗೂ ಗಿರಾಕಿ ಹುಟ್ಟಿತು. ಸಂಡೂರು, ಹೊಸಪೇಟೆ ಕಡೆ ಜೋಳ ಬಿತ್ತುತ್ತಿದ್ದ ಪಟ್ಟಾ ಹೊಲಗಳನ್ನೂ ಅಗೆದರು. ಒಂದು ಸುಗ್ಗಿಯಲ್ಲಿ ಕಾಣದಷ್ಟು ಹಣವನ್ನು ಕೆಲವು ರೈತರು ಒಂದು ವಾರದಲ್ಲಿ ಕಂಡರು. ರಸ್ತೆಯ ಉದ್ದಕ್ಕೂ ಲಾರಿಗಳ ಸಾಲು. ಬದಿಯ ಬೇವಿನ ಮರಗಳ ಎಲೆ ಮಳೆಗಾಲದಲ್ಲಷ್ಟೇ ಹಸಿರು.

ನಮ್ಮ ಬೀದಿಯಲ್ಲಿ ಸಹಕಾರ ಸಂಘದ ಗುಮಾಸ್ತರೊಬ್ಬರಿದ್ದರು. ಸಣ್ಣ ಸಂಬಳ, ಆದರೆ ಒಂದನೇ ತಾರೀಖಿಗೆ ಕೈಗೆ ಬರುತ್ತಿತ್ತು. ಅವರು ಕೆಲಸ ಬಿಟ್ಟು ಸಾಲದ ಮೇಲೆ ಲಾರಿ ಕೊಂಡರು. ಅವರ ಹೆಂಡತಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಆಮೇಲೆ ಅದೇ ಚೌಕಗಳಲ್ಲಿ ಟ್ರಿಪ್ಪುಗಳ ಲೆಕ್ಕ ಬಂತು. ಒಂದು ದಿನ ಎರಡು ಗೀಟು, ಒಂದು ದಿನ ಮೂರು. ಮಕ್ಕಳು ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿದರು, ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಎದುರು ಮನೆಯ ಮಾಸ್ತರರ ಸಂಬಳವೇನೂ ಕಡಿಮೆಯಾಗಿರಲಿಲ್ಲ. ಆದರೆ ಬಾಡಿಗೆ, ನಿವೇಶನದ ದರ, ಮದುವೆ ಮಾಡುವ ಖರ್ಚು ಎಲ್ಲವೂ ಏರಿ, ಕುಳಿತ ಜಾಗದಲ್ಲಿಯೇ ಅವರು ಬಡವರಾದರು. ಊರಿನಲ್ಲಿ ‘ಸಾಕು’ ಎಂಬ ಮಾತಿನ ಅಳತೆ ಹೀಗೆ ಐದಾರು ವರ್ಷಗಳಲ್ಲಿ ಕೈತಪ್ಪಿತು.

ಜಿಲ್ಲೆಯ ತಲಾ ಆದಾಯದ ಬಗ್ಗೆ ಹೆಮ್ಮೆಯ ಮಾತುಗಳು ಕೇಳಿಬಂದದ್ದೂ ಆಗಲೇ. ಸರಾಸರಿ ಎಂದರೆ ಗಣಿ ಮಾಲೀಕನ ಗಳಿಕೆಯನ್ನೂ ಬಿಸಿಲಿನಲ್ಲಿ ಅದಿರು ಒಡೆಯುವ ಹೆಂಗಸಿನ ಕೂಲಿಯನ್ನೂ ಕೂಡಿಸಿ ಭಾಗಿಸುವುದು. ಬೆಟ್ಟದಲ್ಲಿ ಅಷ್ಟು ಸಂಪತ್ತಿದ್ದ ಇದೇ ಸಂಡೂರನ್ನು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು ಎಂಬುದನ್ನು ಆ ಗದ್ದಲದಲ್ಲಿ ಯಾರೂ ನೆನೆಯಲಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಜಿಲ್ಲೆಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆ ಆದೇಶ ಬೇಕಿತ್ತು. ಅದಿಲ್ಲದಿದ್ದರೆ ಇನ್ನೆಷ್ಟು ಬೆಟ್ಟ ಕರಗುತ್ತಿತ್ತೋ. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಡನೆ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿತು. ನಡುವಿನ ತಿಂಗಳುಗಳಲ್ಲಿ ಊರ ಹೊರಗಿನ ಬಯಲಿನಲ್ಲಿ ಲಾರಿಗಳು ಟೈರ್ ಇಲ್ಲದೆ ಕಲ್ಲಿನ ಮೇಲೆ ನಿಂತಿದ್ದವು. ಗುಮಾಸ್ತರ ಮನೆಯ ಕ್ಯಾಲೆಂಡರಿನಲ್ಲಿ ಗೀಟುಗಳು ಹೋಗಿ, ಕಂತು ಕಟ್ಟುವ ತಾರೀಖಿನ ಸುತ್ತ ಒಂದು ಸೊನ್ನೆ ಮಾತ್ರ ಉಳಿಯಿತು. ಲಾರಿಯನ್ನು ಸಾಲ ಕೊಟ್ಟವರು ಒಯ್ದರು. ಶಾಲೆಯ ಶುಲ್ಕವಾಗಲಿ ಬಾಡಿಗೆಯಾಗಲಿ ಏರಿದ ವೇಗದಲ್ಲಿ ಇಳಿಯಲಿಲ್ಲ. ಸೋದರಮಾವನ ಪ್ರಶ್ನೆಗೆ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಮೊತ್ತವನ್ನು ನಂಬಿ ಕೆಟ್ಟ ಊರು ಈಗ ತಾರೀಖನ್ನು ನಂಬುತ್ತದೆ.

ಆದರೆ ತಾರೀಖಿನ ಸಂಬಳ ಕೆಲವರಿಗಷ್ಟೇ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಯಾದಾಗ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೇರಿತು. ಜನವರಿ ಮತ್ತು ಜುಲೈಗೆ ಲೆಕ್ಕ ಹಾಕಿ ಅವರಿಗೆ ತುಟ್ಟಿಭತ್ಯೆಯೂ ಸೇರುತ್ತದೆ. ಕನಿಷ್ಠ ವೇತನದ ಮೇಲೆ ದುಡಿಯುವವನಿಗೆ ತುಟ್ಟಿಭತ್ಯೆ ಬದಲಾಗುವುದು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ. ಕೌಲ್ ಬಜಾರಿನ ಸಣ್ಣ ಮನೆಗಳಲ್ಲಿ ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುವವರಿಗೆ ಅದೂ ಇಲ್ಲ. ಆರ್ಡರ್ ಇದ್ದರೆ ರಾತ್ರಿಯೂ ಮಷೀನಿನ ಸದ್ದು, ಇಲ್ಲದಿದ್ದರೆ ಹಗಲೂ ಮೌನ. ಸಿರುಗುಪ್ಪ, ಸಿಂಧನೂರು ಕಡೆಯ ಭತ್ತದ ರೈತ ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಕಾಯುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಆ ನೀರನ್ನು ನಂಬಿದ ಜಿಲ್ಲೆಗಳೆಲ್ಲ ನಿದ್ದೆಗೆಟ್ಟವು.

ಇತ್ತ ಖರ್ಚಿನ ಸ್ವರೂಪವೂ ಬದಲಾಗಿದೆ. ಕೇಂದ್ರದ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ 2023–24ರಲ್ಲಿ ದೇಶದ ಹಳ್ಳಿಗಳಲ್ಲಿ ತಲಾ ಮಾಸಿಕ ವೆಚ್ಚ 4,122 ರೂಪಾಯಿ, ನಗರಗಳಲ್ಲಿ 6,996. ಹಳ್ಳಿಯಲ್ಲೂ ಊಟದ ಪಾಲು ಈಗ ಅರ್ಧಕ್ಕಿಂತ ಕಡಿಮೆ, ಸುಮಾರು ಶೇ 47. ಅಕ್ಕಿ ಪಡಿತರದಲ್ಲಿ ಬರುತ್ತದೆ. ಶಾಲೆಯ ಶುಲ್ಕ, ಸ್ಕ್ಯಾನಿಂಗ್, ಬಡ್ಡಿ, ಮೊಬೈಲ್ ರೀಚಾರ್ಜ್ ಬರುವುದಿಲ್ಲ. 2012ನ್ನು ಮೂಲ ವರ್ಷವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಹಳ್ಳಿಗೆ ಮನೆ ಬಾಡಿಗೆ ಎಂಬ ಬಾಬ್ತೇ ಇರಲಿಲ್ಲ. ತೋರಣಗಲ್ಲಿನ ಸುತ್ತಲಿನ ಹಳ್ಳಿಗಳಲ್ಲಿ ಉಕ್ಕಿನ ಕಾರ್ಖಾನೆಗೆಂದು ಬಂದವರು ಬಾಡಿಗೆ ಕೋಣೆಗಳಲ್ಲೇ ಇದ್ದಾರೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೂ ಕಂತು ತಡವಾದಾಗ ಹೆಂಗಸರು ಅಷ್ಟು ಕಳವಳಪಡುವುದು ಏಕೆಂದರೆ, ಅನೇಕ ಮನೆಗಳಲ್ಲಿ ಇಂತಿಷ್ಟು ಬರುತ್ತದೆ ಎಂದು ಮೊದಲೇ ಗೊತ್ತಿರುವ ಹಣ ಅದೊಂದೇ.

ಆ ದಿನ ಹುಡುಗ ಮೊಬೈಲ್ ತೆಗೆದು ಬ್ಯಾಂಕ್ ಖಾತೆಯನ್ನೇ ತೋರಿಸಿದ. ಸೋದರಮಾವ ಕನ್ನಡಕ ಏರಿಸಿಕೊಂಡು ಒಂದೊಂದೇ ತಿಂಗಳನ್ನು ಬೆರಳಿನಿಂದ ಸರಿಸುತ್ತ ಹೋದರು. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಏನೂ ಜಮೆಯಾಗಿರಲಿಲ್ಲ. ಗುತ್ತಿಗೆದಾರ ಬದಲಾದ ತಿಂಗಳು ಎಂದು ಹುಡುಗ ಹೇಳಿದ. ‘ಆ ತಿಂಗಳು ಮನೆ ಹೇಗೆ ನಡೆಯಿತು?’ ಎಂದು ಅವರು ಕೇಳಿದರು. ಉತ್ತರ ಕೊಟ್ಟದ್ದು ಬಾಗಿಲ ಬಳಿ ಕುಳಿತಿದ್ದ ತಾಯಿ. ಕಿವಿಯ ಬೆಂಡೋಲೆ ಮುಟ್ಟಿ, ‘ಇವನ್ನು ಅಡವಿಟ್ಟಿದ್ದೆವು ಅಣ್ಣ, ಶ್ರಾವಣದಲ್ಲಿ ಬಿಡಿಸಿಕೊಂಡೆವು’ ಎಂದರು.